ಡೌನ್‌ಲೋಡ್ ಫೋಲ್ಡರಿನ ಕಡತಗಳನ್ನು ಪಿಡಿಎಫ್, ಚಿತ್ರ, ವಿಡಿಯೊ ಎಂದು ಬೇರೆ ಬೇರೆ ಫೋಲ್ಡರಿಗೆ ತಾನಾಗಿ ವಿಂಗಡಿಸಲು ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಯಬೇಕೆ, ಶೆಲ್ ಸ್ಕ್ರಿಪ್ಟ್ ಸಾಕೆ?

ನಿಮ್ಮ ಪ್ರಶ್ನೆ ಓದಿ ನನ್ನ ಹಳೆಯ ಕಂಪ್ಯೂಟರೇ ಕಣ್ಣ ಮುಂದೆ ಬಂತು. ನಾನು ಶಿರಸಿಯಲ್ಲಿ ಅಡಿಕೆ ವ್ಯಾಪಾರಿಗಳ ಲೆಕ್ಕ ಬರೆಯುವವನು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದ ಮೇಲೆ ಬಿಲ್ಲುಗಳು ಪಿಡಿಎಫ್ ಆಗಿ ಮೇಲ್‌ನಲ್ಲಿ, ವಾಟ್ಸ್‌ಆ್ಯಪ್‌ನಲ್ಲಿ ಸುರಿಯತೊಡಗಿದವು. 20ನೇ ತಾರೀಖಿನೊಳಗೆ 3ಬಿ ರಿಟರ್ನ್, ಅಂದರೆ ಹಿಂದಿನ ತಿಂಗಳ ತೆರಿಗೆಯ ಲೆಕ್ಕ, ಸಲ್ಲಿಸಬೇಕು. ಅದರ ಹಿಂದಿನ ಎರಡು ರಾತ್ರಿ ಬಿಲ್ ಹುಡುಕುವುದರಲ್ಲೇ ಕಳೆಯುತ್ತಿತ್ತು. ತಂಗಿಯ ಮಗ ವಿಂಡೋಸ್ ಬದಲು ಬಳಸಬಹುದಾದ ಉಬುಂಟು ಎಂಬ ಲಿನಕ್ಸ್ ಹಾಕಿಕೊಟ್ಟು, ನಾಲ್ಕು ಸಾಲಿನ ಶೆಲ್ ಸ್ಕ್ರಿಪ್ಟ್, ಅಂದರೆ ಕಂಪ್ಯೂಟರಿಗೆ ಕೊಡುವ ಆಜ್ಞೆಗಳ ಪಟ್ಟಿ, ಬರೆಯುವುದನ್ನೂ ಕಲಿಸಿದ.

ಪಿಡಿಎಫ್‌ಗಳನ್ನೆಲ್ಲ ಒಂದೊಂದಾಗಿ ಎತ್ತಿ ‘ಬಿಲ್’ ಎಂಬ ಫೋಲ್ಡರಿಗೆ ಹಾಕು ಎಂದು ಕಡತ ಸಾಗಿಸುವ ಎಂವಿ (mv) ಆಜ್ಞೆಗೆ ಹೇಳಿದೆ. ಕ್ಷಣದಲ್ಲಿ ಮುಗಿಯಿತು, ಒಂದು ದೋಷದ ಸಂದೇಶವೂ ಇಲ್ಲ. ಖುಷಿಯಿಂದ ಫೋಲ್ಡರ್ ತೆರೆದರೆ ಖಾಲಿ! ಅದರ ಪಕ್ಕದಲ್ಲೇ ‘ಬಿಲ್’ ಎಂಬ ಅದೇ ಹೆಸರಿನ ಒಂದು ಕಡತ. ತೆರೆದು ನೋಡಿದೆ: ಗೋಣಿಚೀಲದ ಅಂಗಡಿಯ ಬಿಲ್ಲು. ಉಳಿದ ನಾನ್ನೂರು ಚಿಲ್ಲರೆ ಬಿಲ್ಲುಗಳು ಎಲ್ಲಿಯೂ ಇರಲಿಲ್ಲ, ಕಸದ ಬುಟ್ಟಿಯಲ್ಲೂ ಇರಲಿಲ್ಲ.

ಒಂದೇ ಜಾಗದಲ್ಲಿ ಒಂದೇ ಹೆಸರಿನ ಎರಡು ಹೇಗೆ ಇರಲು ಸಾಧ್ಯ? ಫೋಲ್ಡರಿಗೆ ನಾನು ಮೊದಲು ಇಟ್ಟ ಹೆಸರು ‘ಬಿಲ್‌ಗಳು’. ಅಲ್ಲಿ ಲ್ ಮತ್ತು ಗ ಸೇರಿ ಒತ್ತಕ್ಷರವಾಗದಂತೆ ತಡೆಯಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಕುಳಿತಿರುತ್ತದೆ. ಆಮೇಲೆ ಹೆಸರು ಉದ್ದವಾಯಿತೆಂದು ‘ಗಳು’ ಅಳಿಸಿದೆ. ಆ ಕಾಣದ ಅಕ್ಷರ ಬಾಲದಂತೆ ಅಲ್ಲೇ ಉಳಿಯಿತು. ಸ್ಕ್ರಿಪ್ಟಿನಲ್ಲಿ ನಾನು ಟೈಪ್ ಮಾಡಿದ ‘ಬಿಲ್‌’ಗೆ ಬಾಲವಿರಲಿಲ್ಲ. ನನಗೆ ಎರಡೂ ಒಂದೇ, ಕಂಪ್ಯೂಟರಿಗೆ ಬೇರೆ ಬೇರೆ. ಅಂಥ ಫೋಲ್ಡರ್ ಇಲ್ಲದಿದ್ದರೆ ಎಂವಿ ಏನು ಮಾಡುತ್ತದೆ? ಕಡತದ ಹೆಸರನ್ನೇ ‘ಬಿಲ್’ ಎಂದು ಬದಲಿಸುತ್ತದೆ. ಎರಡನೆಯ ಕಡತ ಬಂದಾಗ ಅದಕ್ಕೂ ಅದೇ ಹೆಸರು, ಮೊದಲನೆಯದು ಮಾಯ. ಮೂರನೆಯದು ಎರಡನೆಯದನ್ನು ನುಂಗಿತು. ಹೀಗೆ ನುಂಗುತ್ತ ನುಂಗುತ್ತ ಕೊನೆಗೆ ಗೋಣಿಚೀಲ ಉಳಿಯಿತು.

ಫೋಲ್ಡರಿನ ಹೆಸರಿನ ಕೊನೆಗೆ ಒಂದು ಓರೆಗೆರೆ (/) ಹಾಕಿದ್ದರೆ ಎಂವಿ ಅಲ್ಲೇ ತಕರಾರು ಎತ್ತಿ ನಿಲ್ಲುತ್ತಿತ್ತು. ಒಂದೇ ಒಂದು ಗೆರೆ! ಎರಡು ದಿನ ಮೇಲ್ ಕೆದಕಿ ಬಿಲ್ಲುಗಳನ್ನು ಮತ್ತೆ ಇಳಿಸಿಕೊಂಡೆ. ವಾಟ್ಸ್‌ಆ್ಯಪ್‌ನಲ್ಲಿ ಬಂದವಕ್ಕೆ ವ್ಯಾಪಾರಿಗಳ ಮುಂದೆ ಹಲ್ಲುಕಿರಿದು ನಿಲ್ಲಬೇಕಾಯಿತು.

ಹಾಗಾಗಿ ಪೈಥಾನೋ ಶೆಲ್ಲೋ ಎಂಬುದು ನನ್ನ ಪ್ರಕಾರ ಪ್ರಶ್ನೆಯೇ ಅಲ್ಲ. ಲಿನಕ್ಸ್‌ನಲ್ಲಿ ಕಡತ ಸಾಗಿಸುವ ಪೈಥಾನಿನ ಶಟಿಲ್ ಮೂವ್ (shutil.move) ಕೂಡ ಇದೇ ಆಟ ಆಡುತ್ತದೆ. ಯಾವುದು ಬರುತ್ತದೋ ಅದರಲ್ಲಿ ಬರೆಯಿರಿ. ಆದರೆ ಮೊದಲ ಸಲ ಕಡತ ಮುಟ್ಟಬೇಡಿ, ಯಾವುದು ಎಲ್ಲಿಗೆ ಹೋಗುತ್ತದೆ ಎಂದು ಪರದೆಯ ಮೇಲೆ ಮುದ್ರಿಸಿ ನೋಡಿ. ಎಂವಿ ಬಳಸುವುದಾದರೆ ಮೈನಸ್ ಎನ್ (-n) ಸೇರಿಸಿ, ಆಗ ಇದ್ದ ಕಡತದ ಮೇಲೆ ಇನ್ನೊಂದು ಕೂರುವುದಿಲ್ಲ.

ಇನ್ನೊಂದು ಮಾತು. ಪಿಡಿಎಫ್‌ಗೊಂದು, ಚಿತ್ರಕ್ಕೊಂದು, ವಿಡಿಯೊಗೊಂದು ಫೋಲ್ಡರ್ ಎಂಬ ನಿಮ್ಮ ಯೋಜನೆಯೇ ನನಗೆ ಒಪ್ಪಿಗೆಯಿಲ್ಲ. ಕರೆಂಟ್ ಬಿಲ್ಲೂ ಮದುವೆಯ ಕರೆಯೋಲೆಯೂ ಪಿಡಿಎಫ್ ಎಂಬ ಕಾರಣಕ್ಕೆ ಒಂದೇ ಕಡೆ ಇದ್ದರೆ ಹುಡುಕಾಟ ತಪ್ಪಿತೇ? ತಿಂಗಳ ಪ್ರಕಾರ ಇಡಿ. ನನ್ನ ಫೋಲ್ಡರುಗಳಿಗೆ ಈಗ ಬರಿಯ ಅಂಕಿಯ ಹೆಸರು: 2024-07, 2024-08. ಕನ್ನಡದಲ್ಲಿ ಹೆಸರಿಡಬಾರದೆಂದಲ್ಲ, ಧಾರಾಳವಾಗಿ ಇಡಿ. ಆದರೆ ಸ್ಕ್ರಿಪ್ಟಿಗೆ ಅದನ್ನು ಮತ್ತೆ ಟೈಪ್ ಮಾಡದೆ ಫೋಲ್ಡರಿನಿಂದಲೇ ನಕಲಿಸಿ ಅಂಟಿಸಿ.