ಎಂಟು ತಿಂಗಳಾದರೂ ಮಗನ ಅಂಗವಿಕಲ ಪಗಾರ ಬಂದಿಲ್ಲ, ಎಲ್ಲಿ ಕೇಳಬೇಕು?

ಅಕ್ಕಾರ, ನೀವು ಬರೆದದ್ದರ ಸಾರ ಇಷ್ಟು: ಊರು ಮುಧೋಳ ತಾಲೂಕಿನಲ್ಲಿ, ಮಗನಿಗೆ ಈಗ 7 ವರ್ಷ, ಬುದ್ಧಿ ಬೆಳವಣಿಗೆ ಹಿಂದಿದೆ. ಮೂರು ವರ್ಷದವನಿದ್ದಾಗ ಮಾಡಿಸಿದ ಸರ್ಟಿಫಿಕೇಟ್ ಇದೆ. ಅರ್ಜಿ ಹಾಕಿ ಎಂಟು ತಿಂಗಳಾಯಿತು, ಯಾರನ್ನು ಕೇಳಿದರೂ ‘ಬರ್ತೈತಿ, ಕಾಯ್ರಿ’ ಅನ್ನುತ್ತಾರೆ.

ಸುಮ್ಮನೆ ಕಾಯಬೇಡಿ. ಎಂಟು ತಿಂಗಳು ಅಂದರೆ ಅರ್ಜಿ ಎಲ್ಲೋ ನಿಂತಿದೆ. ಅದು ನಿಲ್ಲುವುದು ಮೂರೇ ಜಾಗದಲ್ಲಿ: ಆಸ್ಪತ್ರೆ, ನಾಡಕಚೇರಿ ಅಥವಾ ಬ್ಯಾಂಕು. ಎಲ್ಲಿ ನಿಂತಿದೆ ಅಂತ ತಿಳಿಯದೆ ಓಡಾಡಿದರೆ ಬಸ್ಸಿನ ಖರ್ಚು, ಕೂಲಿ ಎರಡೂ ಹಾಳು.

ಮೊದಲು ಮನೆಯಲ್ಲಿರುವ ಅರ್ಜಿಯ ಪಾವತಿ (ರಸೀದಿ) ತೆಗೆದು ನೋಡಿ. ‘ಅರ್ಜಿ ಹಾಕೀವಿ’ ಅನ್ನುವ ಬಹಳ ಮನೆಗಳಲ್ಲಿ ಹಾಕಿರುವುದು ಯುಡಿಐಡಿ, ಅಂದರೆ ಅಂಗವಿಕಲರ ಗುರುತಿನ ಕಾರ್ಡಿನ ಅರ್ಜಿ ಮಾತ್ರ, ಸೈಬರ್ ಅಂಗಡಿಯಲ್ಲಿ ಸ್ವಾವಲಂಬನ ಜಾಲತಾಣದ ಮೂಲಕ. ಪಗಾರದ, ಅಂದರೆ ಮಾಸಾಶನದ ಅರ್ಜಿ ಹಾಕಿಯೇ ಇರುವುದಿಲ್ಲ. ಕಾರ್ಡ್ ಬಂದರೆ ಪಗಾರ ತಾನಾಗಿ ಶುರುವಾಗುತ್ತದೆ ಅನ್ನುವುದು ತಪ್ಪು ತಿಳಿವಳಿಕೆ. ಕಾರ್ಡ್ ಕೊಡುವುದು ಆಸ್ಪತ್ರೆಯ ವೈದ್ಯರ ಒಪ್ಪಿಗೆ ಮೇಲೆ. ಮಾಸಾಶನ ಕೊಡುವುದು ಕಂದಾಯ ಇಲಾಖೆ, ಅದಕ್ಕೆ ನಾಡಕಚೇರಿಯಲ್ಲಿ ಬೇರೆಯೇ ಅರ್ಜಿ ಹಾಕಬೇಕು. ನಾಡಕಚೇರಿಯ ಪಾವತಿಯ ಮೇಲೆ 15 ಅಂಕಿಯ ಸಕಾಲ ಸಂಖ್ಯೆ ಇರುತ್ತದೆ (ಸಕಾಲ ಅಂದರೆ ಗೊತ್ತಾದ ಅವಧಿಯೊಳಗೆ ಸರ್ಕಾರಿ ಕೆಲಸ ಮಾಡಿಕೊಡಬೇಕು ಅನ್ನುವ ಕಾಯ್ದೆ). ಆ ಸಂಖ್ಯೆ ಇಲ್ಲದಿದ್ದರೆ ನಿಮ್ಮ ಮಾಸಾಶನದ ಅರ್ಜಿ ಇನ್ನೂ ಹುಟ್ಟಿಲ್ಲ ಅಂತಲೇ ತಿಳಿಯಿರಿ.

ನನಗೆ ಹೆಚ್ಚು ಅನುಮಾನ ಇರುವುದು ಆ ಹಳೆಯ ಸರ್ಟಿಫಿಕೇಟಿನ ಮೇಲೆ. ಐದು ವರ್ಷದೊಳಗಿನ ಮಗುವಿಗೆ ಬುದ್ಧಿಮಾಂದ್ಯ ಅಂತ ಬರೆದುಕೊಡುವುದಿಲ್ಲ, ‘ಒಟ್ಟಾರೆ ಬೆಳವಣಿಗೆ ಕುಂಠಿತ’ ಅಂತ ತಾತ್ಕಾಲಿಕ ಸರ್ಟಿಫಿಕೇಟ್ ಕೊಡುತ್ತಾರೆ. ಮಗುವಿಗೆ ಐದು ತುಂಬಿದಾಗ ಅದರ ಅವಧಿ ಮುಗಿಯುತ್ತದೆ. ಆಮೇಲೆ ಮತ್ತೆ ಪರೀಕ್ಷೆ ಮಾಡಿಸಿ, 10ಕ್ಕೆ ಒಮ್ಮೆ, 18ಕ್ಕೆ ಒಮ್ಮೆ ನವೀಕರಿಸಬೇಕು. 18ರಲ್ಲಿ ಕೊಟ್ಟದ್ದು ಜೀವನಪೂರ್ತಿ ನಡೆಯುತ್ತದೆ. ನಿಮ್ಮ ಮಗನದು ಎರಡು ವರ್ಷದ ಹಿಂದೆಯೇ ಮುಗಿದಿದೆ ಅಂದಹಾಗಾಯಿತು. ಅವಧಿ ಮುಗಿದ ಕಾಗದ ಹಚ್ಚಿದ ಅರ್ಜಿಯನ್ನು ಯಾವ ಉಪ ತಹಶೀಲ್ದಾರರೂ ಮಂಜೂರು ಮಾಡಲಾರರು. ಸರ್ಟಿಫಿಕೇಟಿನ ಕೆಳಭಾಗದಲ್ಲಿ ‘ಎಲ್ಲಿಯವರೆಗೆ’ ಅನ್ನುವ ದಿನಾಂಕ ಇರುತ್ತದೆ, ಇವತ್ತೇ ನೋಡಿ.

ಮುಗಿದಿದ್ದರೆ ಯುಡಿಐಡಿ ಜಾಲತಾಣದಲ್ಲಿ ನವೀಕರಣಕ್ಕೆ ಹಾಕಿಸಿ. ಇದಕ್ಕೆ ಸರ್ಕಾರದ ಶುಲ್ಕ ಒಂದು ರೂಪಾಯಿಯೂ ಇಲ್ಲ, ಅಂಗಡಿಯವನ ಟೈಪಿಂಗ್ ಖರ್ಚಷ್ಟೇ. ಪಕ್ಕದಲ್ಲೇ ನಿಂತು ಎರಡು ಸಂಗತಿ ನೋಡಿಕೊಳ್ಳಿ. ಅಂಗವೈಕಲ್ಯದ ಬಗೆ ಕೇಳುವಾಗ ‘ಬೌದ್ಧಿಕ ಅಂಗವೈಕಲ್ಯ’ ಒತ್ತಬೇಕು; ಅವಸರದಲ್ಲಿ ‘ಮಾನಸಿಕ ಅಸ್ವಸ್ಥತೆ’ ಒತ್ತಿದರೆ ಅದು ಬೇರೆ ಕಾಯಿಲೆ, ಬೇರೆ ಪರೀಕ್ಷೆ, ಅರ್ಜಿ ವಾಪಸ್ ಬರುತ್ತದೆ. ಆಸ್ಪತ್ರೆ ಆರಿಸುವಾಗ ಹತ್ತಿರ ಅಂತ ತಾಲೂಕು ಆಸ್ಪತ್ರೆ ಹಾಕಿಸಬೇಡಿ. ಈ ಪರೀಕ್ಷೆಗೆ ಮನಶ್ಶಾಸ್ತ್ರಜ್ಞರು ಬೇಕು. ನಿಮಗೆ ಬಾಗಲಕೋಟೆ ನವನಗರದ ಜಿಲ್ಲಾ ಆಸ್ಪತ್ರೆಯೇ ಸರಿ. ಬೆಳಗಾವಿ ಕಡೆಯವರಿಗೆ ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆ ಬಿಮ್ಸ್, ವಿಜಯಪುರದವರಿಗೆ ಅಲ್ಲಿನ ಜಿಲ್ಲಾ ಆಸ್ಪತ್ರೆ. ಹೋಗುವ ಮೊದಲು ಯಾವ ವಾರ ವೈದ್ಯರ ಬೋರ್ಡು ಕೂಡುತ್ತದೆ ಅಂತ ಕೇಳಿಕೊಂಡೇ ಬಸ್ ಹತ್ತಿ. ಅಂಗವಿಕಲರ ನೆರವಿಗೆ ಇರುವ ಪುನರ್ವಸತಿ ಕಾರ್ಯಕರ್ತರಿಗೆ, ಅಂದರೆ ಪಂಚಾಯಿತಿಯ ವಿಆರ್‌ಡಬ್ಲ್ಯೂ ಅಥವಾ ತಾಲೂಕಿನ ಎಂಆರ್‌ಡಬ್ಲ್ಯೂ ಅವರಿಗೆ ಇದು ಗೊತ್ತಿರುತ್ತದೆ, ಅದು ಅವರ ಕೆಲಸವೇ.

ಪರೀಕ್ಷೆಯ ದಿನ ಮಗನ ಆಧಾರ್, ನಿಮ್ಮ ಆಧಾರ್, ಫೋಟೊ, ಜನನ ಪ್ರಮಾಣಪತ್ರ, ಹಳೆಯ ಸರ್ಟಿಫಿಕೇಟ್, ತಾಯಿ ಕಾರ್ಡು, ಹುಟ್ಟಿದಾಗ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದರೆ ಆ ಡಿಸ್ಚಾರ್ಜ್ ಕಾಗದ, ಮೂರ್ಛೆ ಬಂದಿದ್ದರೆ ಅದರ ಚೀಟಿ, ಶಾಲೆಯ ಗುರುಗಳಿಂದ ನಾಲ್ಕು ಸಾಲಿನ ಪತ್ರ, ಇಷ್ಟೂ ಇರಲಿ. ಹೆರಿಗೆ ತವರುಮನೆಯಲ್ಲಿ, ಮಿರಜ್ ಅಥವಾ ಸೊಲ್ಲಾಪುರದಲ್ಲಿ ಆಗಿದ್ದರೆ ಜನನ ಪ್ರಮಾಣಪತ್ರ ಮರಾಠಿಯಲ್ಲಿರುತ್ತದೆ. ಅದು ನಡೆಯುತ್ತದೆ, ಆದರೆ ಮಗನ ಹೆಸರು, ಅಡ್ಡಹೆಸರು ಆಧಾರಿನಲ್ಲಿದ್ದಂತೆಯೇ ಇರಬೇಕು. ಮಗನ ಹೊಟ್ಟೆ ತುಂಬಿಸಿಕೊಂಡು, ರಾತ್ರಿ ನಿದ್ದೆ ಮಾಡಿಸಿ ಕರೆದುಕೊಂಡು ಹೋಗಿ; ಹಸಿದ ಮಗು ಪರೀಕ್ಷೆಗೆ ಕೂರುವುದಿಲ್ಲ, ಇನ್ನೊಂದು ದಿನ ಬನ್ನಿ ಅನ್ನುತ್ತಾರೆ. (ಕಿವಿ ಕೇಳದ ಚಿಕ್ಕ ಮಕ್ಕಳದು ಇದಕ್ಕೆ ಉಲ್ಟಾ: ಬೆರಾ ಎಂಬ ಕಿವಿಯ ಪರೀಕ್ಷೆಗೆ ಮಗು ಮಲಗಬೇಕು, ಅದಕ್ಕೆ ದಾರಿಯಲ್ಲಿ ಮಲಗಲು ಬಿಡಬಾರದು.)

ಇನ್ನು ಎಲ್ಲಕ್ಕಿಂತ ಹೆಚ್ಚು ಎಡವುವ ಜಾಗ. ಮನಶ್ಶಾಸ್ತ್ರಜ್ಞರು ಮಗುವನ್ನು ಪರೀಕ್ಷಿಸುವುದರ ಜೊತೆಗೆ ವಿಎಸ್‌ಎಂಎಸ್ ಎಂಬ ಮಾಪನದ ಪ್ರಶ್ನೆಗಳನ್ನು ನಿಮಗೆ ಕೇಳುತ್ತಾರೆ. ಊಟ, ಬಟ್ಟೆ, ಮಾತು, ಓಡಾಟ, ಬೇರೆ ಮಕ್ಕಳ ಜೊತೆ ಬೆರೆಯುವುದು, ಹೀಗೆ. ಉತ್ತರ ಕೊಡುವವರು ನೀವು, ಮಗು ಅಲ್ಲ. ಆ ಉತ್ತರಗಳಿಂದ ಮಗನ ‘ಸಾಮಾಜಿಕ ವಯಸ್ಸು’ ಲೆಕ್ಕ ಹಾಕಿ, ಅದನ್ನು ನಿಜವಾದ ವಯಸ್ಸಿನಿಂದ ಭಾಗಿಸಿ, 100ರಿಂದ ಗುಣಿಸುತ್ತಾರೆ. ಕೇಂದ್ರದ ಮಾರ್ಗಸೂಚಿಯ ಪ್ರಕಾರ ಆ ಅಂಕ 70ರಿಂದ 84 ಇದ್ದರೆ ಅಂಗವೈಕಲ್ಯ ಶೇ 25, 55ರಿಂದ 69 ಇದ್ದರೆ ಶೇ 50, 36ರಿಂದ 54 ಇದ್ದರೆ ಶೇ 75, 21ರಿಂದ 35 ಇದ್ದರೆ ಶೇ 90, ಅದಕ್ಕೂ ಕೆಳಗಿದ್ದರೆ ಶೇ 100.

ನಿಮ್ಮ ಮಗನ ಲೆಕ್ಕವನ್ನೇ ಹಾಕೋಣ. 7 ವರ್ಷ ಅಂದರೆ 84 ತಿಂಗಳು. ಅವನ ಸಾಮಾಜಿಕ ವಯಸ್ಸು 4 ವರ್ಷ, ಅಂದರೆ 48 ತಿಂಗಳು ಅಂತ ಬಂದರೆ ಅಂಕ 57, ಶೇ 50. ಅದೇ 45 ತಿಂಗಳು ಅಂತ ಬಂದರೆ ಅಂಕ 54ರೊಳಗೆ, ಶೇ 75. ಬುದ್ಧಿಮಾಂದ್ಯ ಮಗುವಿಗೆ ಶೇ 75ರ ಹಂತದ ಮಾಸಾಶನ 2000 ರೂಪಾಯಿ, ಶೇ 40ರಿಂದ ಶುರುವಾಗುವ ಕೆಳಗಿನ ಹಂತಕ್ಕೆ 800. (ಉಳಿದ ಅಂಗವೈಕಲ್ಯಕ್ಕೆ ಮೇಲಿನ ಹಂತದಲ್ಲಿ 1400.) ಲೆಕ್ಕದಲ್ಲಿ ಮೂರು ತಿಂಗಳು ಆಚೀಚೆ ಆದರೆ ಕೈಗೆ ಬರುವ ಹಣದಲ್ಲಿ ತಿಂಗಳಿಗೆ 1200 ಕಡಿಮೆ.

ಅದಕ್ಕಂತ ಸುಳ್ಳು ಹೇಳಬೇಡಿ. ಮಗು ಕಣ್ಣೆದುರೇ ಇರುತ್ತದೆ, ಹೊಂದದ ಉತ್ತರ ತಕ್ಷಣ ತಿಳಿಯುತ್ತದೆ. ಆದರೆ ನಮ್ಮ ಕಡೆ ಆಗುವುದು ಇದರ ಉಲ್ಟಾ. ನಾಲ್ಕು ಮಂದಿ ಎದುರು ಮಗನನ್ನು ಕಡಿಮೆ ಮಾಡಿ ಹೇಳಲು ತಾಯಿಗೆ ಮನಸ್ಸು ಬರುವುದಿಲ್ಲ. ‘ಎಲ್ಲಾ ಮಾಡ್ತಾನ್ರೀ, ಮಾತ್ ಒಂದ್ ಸ್ವಲ್ಪ ತಡ’ ಅನ್ನುತ್ತಾಳೆ. ರೊಟ್ಟಿ ತಿಂತಾನಾ ಅಂದರೆ ತಿಂತಾನ್ರೀ. ನಿಜ ಏನು? ನೀವು ರೊಟ್ಟಿ ಮುರಿದು, ಪಲ್ಯ ಹಚ್ಚಿ, ತುತ್ತು ಮಾಡಿ ಕೈಗೆ ಕೊಟ್ಟರೆ ತಿನ್ನುತ್ತಾನೆ. ಅಂಗಡಿಗೆ ಹೋಗ್ತಾನಾ ಅಂದರೆ ಹೋಗ್ತಾನ್ರೀ. ನಿಜ ಏನು? ಅಂಗಡಿ ಸೋದರಮಾವನದು, ಮಾವನೇ ಮಗನ ಜೇಬಿನಿಂದ ರೊಕ್ಕ ತೆಗೆದುಕೊಂಡು ಬಿಸ್ಕಿಟ್ ಕೊಟ್ಟು ಕಳಿಸುತ್ತಾನೆ. ಚಡ್ಡಿ ಹಾಕಿಕೊಳ್ಳುತ್ತಾನೆ, ಆದರೆ ಹಿಂದುಮುಂದು. ಗುಂಡಿ ನೀವು ಹಾಕಬೇಕು. ಕೇಳುತ್ತಿರುವುದು ಯಾರ ನೆರವೂ ಇಲ್ಲದೆ, ದಿನಾಲೂ ಮಾಡುತ್ತಾನೋ ಇಲ್ಲವೋ ಅಂತ. ಈ ನೆರವನ್ನು ಬಾಯಿಬಿಟ್ಟು ಹೇಳದಿದ್ದರೆ ಅವರಿಗೆ ಗೊತ್ತಾಗುವ ದಾರಿಯೇ ಇಲ್ಲ.

ಹೋಗುವ ಮೊದಲು ಒಂದು ವಾರ ನೋಟುಬುಕ್ಕಿನಲ್ಲಿ ಬರೆದಿಡಿ: ಬೆಳಿಗ್ಗೆ ಎದ್ದಾಗಿಂದ ಮಲಗುವ ತನಕ ಯಾವ ಕೆಲಸ ತಾನೇ ಮಾಡಿದ, ಯಾವುದಕ್ಕೆ ನೀವು ಕೈ ಹಚ್ಚಿದಿರಿ. ಬರೆಯಲು ಬರದಿದ್ದರೆ ದೊಡ್ಡ ಮಗಳ ಕೈಲಿ ಬರೆಸಿ. ಮಗನ ಜೊತೆ ಹೋಗುವವರು ದಿನಾಲೂ ಅವನನ್ನು ನೋಡಿಕೊಳ್ಳುವವರೇ ಆಗಿರಬೇಕು. ಗೋವಾದಲ್ಲಿ ಕೆಲಸಕ್ಕಿದ್ದು ಹಬ್ಬಕ್ಕೆ ಬಂದ ತಂದೆಗೆ ಈ ಪ್ರಶ್ನೆಗಳಿಗೆ ಉತ್ತರ ಗೊತ್ತಿರುವುದಿಲ್ಲ.

ಯುಡಿಐಡಿ ಅರ್ಜಿ ಹಾಕಿದ ದಿನದಿಂದ ಮೂರು ತಿಂಗಳೊಳಗೆ ತೀರ್ಮಾನ ಆಗಬೇಕು ಅಂತ 2024ರ ತಿದ್ದುಪಡಿ ನಿಯಮ ಹೇಳುತ್ತದೆ. ಎರಡು ವರ್ಷ ತೀರ್ಮಾನವಾಗದೆ ಬಿದ್ದ ಅರ್ಜಿ ನಿಷ್ಕ್ರಿಯವಾಗುತ್ತದೆ, ಆದ್ದರಿಂದ ತಿಂಗಳಿಗೊಮ್ಮೆ ಸ್ಥಿತಿ ನೋಡುತ್ತಿರಿ. ಕಾರ್ಡಿನ ಬಣ್ಣ ನೋಡಿ ಹೆದರಬೇಡಿ: ಶೇ 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 79ಕ್ಕೆ ಹಳದಿ, 80 ಮತ್ತು ಮೇಲಕ್ಕೆ ನೀಲಿ. ಶೇ 75 ಬಂದರೂ ಕಾರ್ಡ್ ಹಳದಿಯೇ, ಪಗಾರಕ್ಕೆ ನೋಡುವುದು ಶೇಕಡಾವಾರು. ಶೇಕಡಾವಾರು ತಪ್ಪು ಅನ್ನಿಸಿದರೆ 2016ರ ಕಾಯ್ದೆಯ 59ನೇ ಕಲಮಿನಡಿ ಮೇಲ್ಮನವಿ ಹಾಕಬಹುದು. ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ದಾರಿ ಕೇಳಿ.

ಹೊಸ ಸರ್ಟಿಫಿಕೇಟ್ ಕೈಗೆ ಬಂದ ಮೇಲೆ ನಾಡಕಚೇರಿ. ಅಲ್ಲಿಂದ ಅರ್ಜಿ ತಲಾಟಿಗೆ (ಗ್ರಾಮ ಲೆಕ್ಕಾಧಿಕಾರಿ), ಸರ್ಕಲ್‌ಗೆ (ಕಂದಾಯ ನಿರೀಕ್ಷಕರು), ಉಪ ತಹಶೀಲ್ದಾರರಿಗೆ ಹೋಗುತ್ತದೆ. ಸಕಾಲದಡಿ ಅವಧಿ 45 ಕೆಲಸದ ದಿನ. ರಜೆ ಬಿಟ್ಟು ಲೆಕ್ಕ ಹಾಕಿದರೆ ಎರಡು ತಿಂಗಳು ದಾಟುತ್ತದೆ. ಇಲ್ಲಿ ಅರ್ಜಿ ಬೀಳುವುದು ಎರಡು ಕಾರಣಕ್ಕೆ. ಒಂದು ಆದಾಯ. ವರ್ಷದ ಮಿತಿ 32,000 ರೂಪಾಯಿ. ಶಾಲೆಯ ಸ್ಕಾಲರ್‌ಶಿಪ್ಪಿಗೆ ಅಂತ ಯಾವಾಗಲೋ ಮಾಡಿಸಿದ ಆದಾಯ ಪ್ರಮಾಣಪತ್ರ ಐದು ವರ್ಷ ಚಾಲ್ತಿಯಲ್ಲಿರುತ್ತದೆ. ಅದರಲ್ಲಿ 40,000 ಅಂತಿದ್ದರೆ ಈ ಅರ್ಜಿ ಅಲ್ಲೇ ನಿಲ್ಲುತ್ತದೆ. ಈಗಿನ ನಿಜವಾದ ಆದಾಯ ಕಡಿಮೆಯಾಗಿದ್ದರೆ ಮೊದಲು ಅದನ್ನು ತಿದ್ದಿಸಿಕೊಂಡು ಬನ್ನಿ.

ಎರಡನೆಯದು ಗುಳೆ. ಕಬ್ಬಿನ ಗ್ಯಾಂಗ್ ಹತ್ತಿ ಮಹಾರಾಷ್ಟ್ರಕ್ಕೆ ಹೋದಾಗಲೇ ತಲಾಟಿ ಮನೆಗೆ ಬರುತ್ತಾರೆ, ಬೀಗ ನೋಡಿ ‘ಊರಲ್ಲಿ ವಾಸವಿಲ್ಲ’ ಅಂತ ಬರೆಯುತ್ತಾರೆ. ಊರು ಬಿಡುವ ಮೊದಲು ತಲಾಟಿಗೆ ನಿಮ್ಮ ಮೊಬೈಲ್ ನಂಬರ್ ಬರೆದುಕೊಡಿ, ಪರಿಶೀಲನೆ ಮುಗಿಸಿಯೇ ಹೋಗಲು ಆಗುತ್ತದಾ ಕೇಳಿ, ಆಗದಿದ್ದರೆ ಮನೆಯಲ್ಲಿರುವ ಅಜ್ಜಿಯ ಕೈಯಲ್ಲಿ ಎಲ್ಲ ಝೆರಾಕ್ಸ್ ಕೊಟ್ಟು ಹೋಗಿ.

ಅವಧಿ ಮೀರಿದರೆ ಬಾಯಿಮಾತಿಗೆ ನಿಲ್ಲಬೇಡಿ. ನಿರಾಕರಿಸಿದ್ದರೆ ಕಾರಣವನ್ನು ಬರಹದಲ್ಲಿ ಕೇಳಿ. ಸಕಾಲದಲ್ಲಿ ಮೇಲ್ಮನವಿಗೆ 30 ದಿನ ಇದೆ. ಮುಧೋಳದವರಿಗೆ ಅದು ಜಮಖಂಡಿಯ ಉಪವಿಭಾಗಾಧಿಕಾರಿ ಕಚೇರಿ. ತಡವಾದ ದಿನಕ್ಕೆ 20 ರೂಪಾಯಿಯಂತೆ, ಹೆಚ್ಚೆಂದರೆ 500 ಪರಿಹಾರವನ್ನೂ ಕೇಳಬಹುದು. ಮೊತ್ತ ಸಣ್ಣದು, ಆದರೆ ಅದು ಅಧಿಕಾರಿಯ ಕಿಸೆಯಿಂದ ಹೋಗಬೇಕಾದದ್ದು, ಆದ್ದರಿಂದ ಕೆಲಸ ನಡೆಯುತ್ತದೆ. ಸರ್ಕಾರದ ಸಹಾಯವಾಣಿ 1902ಕ್ಕೆ ಕರೆ ಮಾಡಿ ದೂರು ದಾಖಲಿಸಿ ಸಂಖ್ಯೆ ಬರೆದಿಟ್ಟುಕೊಳ್ಳಿ. ಮಾಹಿತಿ ಹಕ್ಕಿನ ಅರ್ಜಿಯೂ ಚೆನ್ನಾಗಿ ನಡೆಯುತ್ತದೆ: ಶುಲ್ಕ 10 ರೂಪಾಯಿ, ಬಿಪಿಎಲ್ ಕಾರ್ಡಿದ್ದರೆ ಅದೂ ಇಲ್ಲ. ಕರ್ನಾಟಕದಲ್ಲಿ ಅದು ಒಂದೇ ವಿಷಯಕ್ಕೆ, 150 ಪದದೊಳಗೆ ಇರಬೇಕು. ‘ಸಕಾಲ ಸಂಖ್ಯೆ ಇಂಥದ್ದು. ಈ ಅರ್ಜಿ ಯಾವ ದಿನ ಯಾರ ಬಳಿ ಹೋಯಿತು, ಈಗ ಯಾರ ಬಳಿ ಇದೆ, ಅವರು ಬರೆದ ಷರಾದ ಪ್ರತಿ ಕೊಡಿ’, ಇಷ್ಟು ಬರೆದರೆ ಸಾಕು. ಏಜೆಂಟರಿಗೆ ಮಾತ್ರ ರೊಕ್ಕ ಕೊಡಬೇಡಿ. ಅವರು ನೋಡುವುದೂ ನೀವು ನೋಡಬಹುದಾದ ಅದೇ ಸ್ಥಿತಿಯನ್ನೇ.

ಮಂಜೂರಾತಿ ಆದೇಶ ಬಂದೂ ಹಣ ಬರದಿದ್ದರೆ ತೊಂದರೆ ಆಧಾರ್-ಬ್ಯಾಂಕ್ ಜೋಡಣೆಯದು. ಹಣ ಹೋಗುವುದು ಕೊನೆಯದಾಗಿ ಆಧಾರ್ ಜೋಡಿಸಿದ ಬ್ಯಾಂಕಿಗೆ, ಅರ್ಜಿಯಲ್ಲಿ ಕೊಟ್ಟ ಪಾಸ್‌ಬುಕ್ಕಿಗಲ್ಲ. ಶಾಲೆಯವರು ಸ್ಕಾಲರ್‌ಶಿಪ್ಪಿಗೆ ಅಂತ ಬೇರೆ ಬ್ಯಾಂಕಿನಲ್ಲಿ ಖಾತೆ ತೆಗೆಸಿದ್ದರೆ ಪಗಾರ ಅಲ್ಲಿ ಬಿದ್ದಿರಬಹುದು, ಆ ಪಾಸ್‌ಬುಕ್ ಎಂಟ್ರಿ ಮಾಡಿಸಿ ನೋಡಿ. ಡಿಬಿಟಿ ಕರ್ನಾಟಕ ಆ್ಯಪ್‌ನಲ್ಲೂ ಕಾಣುತ್ತದೆ. ಇನ್ನೊಂದು: ಮಗನದು ಚಿಕ್ಕಂದಿನ ನೀಲಿ ಆಧಾರ್ ಆಗಿದ್ದರೆ ಐದು ತುಂಬಿದ ಮೇಲೆ ಬೆರಳು, ಕಣ್ಣಿನ ಗುರುತು ಕೊಡಿಸಲೇಬೇಕಿತ್ತು. 7 ದಾಟಿದರೂ ಕೊಡಿಸದಿದ್ದರೆ ಆಧಾರ್ ನಿಷ್ಕ್ರಿಯವಾಗಬಹುದು. ಆಧಾರಿನಲ್ಲಿರುವ ಮೊಬೈಲ್ ನಂಬರ್ ಈಗಲೂ ನಿಮ್ಮ ಕೈಯಲ್ಲಿದೆಯಾ ಅದನ್ನೂ ನೋಡಿ. ಒಟಿಪಿ ಬರದೆ ಯಾವ ಕೆಲಸವೂ ಮುಂದೆ ಹೋಗುವುದಿಲ್ಲ.

ಹೊಸ ಕಾರ್ಡ್ ಬಂದ ಮೇಲೆ ಪಗಾರದ ದಾರಿ ಕಾಯದೆ ಮಾಡಿಸಬಹುದಾದ್ದು ನಿರಾಮಯ ಆರೋಗ್ಯ ವಿಮೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಬೌದ್ಧಿಕ ಮತ್ತು ಬಹುವಿಧ ಅಂಗವೈಕಲ್ಯದ ಮಕ್ಕಳಿಗೆ ವರ್ಷಕ್ಕೆ 1 ಲಕ್ಷ ರೂಪಾಯಿ ತನಕ, ಥೆರಪಿ ಖರ್ಚೂ ಸೇರಿ. 100 ಕಿಲೋಮೀಟರ್ ವ್ಯಾಪ್ತಿಯ ರಿಯಾಯಿತಿ ಬಸ್ ಪಾಸ್ ಕೂಡ ಇದೆ, ವರ್ಷಕ್ಕೆ 660 ರೂಪಾಯಿ. ಮುಧೋಳದಿಂದ ನವನಗರದ ಓಡಾಟಕ್ಕೆ ಅದು ಬೇಕೇ ಬೇಕು.

ಈಗ ಮಾಡಬೇಕಾದ್ದು: ಸರ್ಟಿಫಿಕೇಟಿನ ದಿನಾಂಕ, ಪಾವತಿಯ ಸಕಾಲ ಸಂಖ್ಯೆ, ಎರಡನ್ನೂ ನೋಡಿ ಇಲ್ಲೇ ಕೆಳಗೆ ತಿಳಿಸಿ. ದಿನಾಂಕ ಮುಗಿದಿದೆಯೋ ಇಲ್ಲವೋ, ಸಂಖ್ಯೆ ಇದೆಯೋ ಇಲ್ಲವೋ ಅಷ್ಟು ಬರೆದರೆ ಸಾಕು, ಮುಂದಿನದು ಹೇಳುತ್ತೇನೆ. ಆಧಾರ್ ನಂಬರ್, ಮಗನ ಫೋಟೊ ಇಲ್ಲಿ ಹಾಕಬೇಡಿ.