ಯಾವ ಅಕ್ಷರ ಬೇಕಾದರೂ ಸಿಗುತ್ತದೆಯೇ?

ನಮಸ್ಕಾರ. ಸಿ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಸ್ಟ್ರಿಂಗ್ (ಅಕ್ಷರಗಳ ಸಾಲು) ಒಳಗೆ ಒಂದು ಅಕ್ಷರ ಹುಡುಕುವುದು ಹೇಗೆ ಅಂತ ನಮ್ಮ ಪತ್ರಿಕೆಗೆ ನೀವು ಕಳಿಸಿದ ಲೇಖನ ಓದಿದೆ. ಬರವಣಿಗೆ ತಿಳಿಯಾಗಿದೆ, ಕೋಡ್ ನೀಟಾಗಿದೆ. ಆದರೆ ಎರಡು ವಾಕ್ಯ ಓದಿ ನನಗೆ ನಿಜಕ್ಕೂ ಸಿಟ್ಟು ಬಂತು.

ಮೊದಲನೆಯದು, ಅಕ್ಷರ ಹುಡುಕಿಕೊಡುವ ಸ್ಟ್ರ್‌ಚಾರ್ (strchr) ಫಂಕ್ಷನ್ ಬಗ್ಗೆ: "ಆ ಅಕ್ಷರ ಎಷ್ಟನೆಯದು ಎಂದು ಸ್ಟ್ರ್‌ಚಾರ್ ಹೇಳುತ್ತದೆ." ಹೇಳುವುದಿಲ್ಲ. ಅದು ಕೊಡುವುದು ಪಾಯಿಂಟರ್, ಅಂದರೆ ಅಕ್ಷರ ಮೊದಲ ಸಲ ಸಿಕ್ಕ ಜಾಗದ ವಿಳಾಸ. ಇಂಗ್ಲಿಷ್ ಸ್ಪೆಲ್ಲಿಂಗಿನ 'ಬೆಂಗಳೂರು' ತಗೊಂಡು ಅದರಲ್ಲಿ 'ಜಿ' ಹುಡುಕಿದ್ದೀರಲ್ಲ, ಆ ಪಾಯಿಂಟರನ್ನು ಹಾಗೇ, ತೆರೆಯ ಮೇಲೆ ತೋರಿಸುವ ಪ್ರಿಂಟ್‌ಎಫ್‌ಗೆ ಕೊಟ್ಟು ನೋಡಿ, 'ಗಳೂರು' ಅಂತ ಅಲ್ಲಿಂದ ಕೊನೆವರೆಗೂ ಬರುತ್ತದೆ. ಅದರಿಂದ ಸ್ಟ್ರಿಂಗಿನ ಶುರುವಿನ ವಿಳಾಸ ಕಳೆದರೆ ತಾನೇ 3 (ಸೊನ್ನೆಯಿಂದ ಎಣಿಸಿ) ಸಿಗುವುದು? ನಿಮ್ಮ ಕೋಡ್ ಕಳೆಯುತ್ತದೆ, ಯಾಕೆ ಅಂತ ನೀವು ಬರೆದಿಲ್ಲ. ಅಕ್ಷರ ಇಲ್ಲದಿದ್ದರೆ ನಲ್, ಅಂದರೆ ಏನೂ ಸಿಗಲಿಲ್ಲ ಅನ್ನುವ ಖಾಲಿ ಪಾಯಿಂಟರ್, ಬರುತ್ತದೆ ಅನ್ನುವುದನ್ನೂ ಬಿಟ್ಟಿದ್ದೀರಿ. ಓದುಗರು 'ಝಡ್' ಹುಡುಕಿದರೆ ಅರ್ಥವಿಲ್ಲದ ಯಾವುದೋ ಸಂಖ್ಯೆ ನೋಡಿ ತಮ್ಮದೇ ತಪ್ಪು ಅಂದುಕೊಳ್ಳುತ್ತಾರೆ.

ನಾನು ಈ ಸಂಪಾದಕರ ಕೆಲಸ ಕಲಿತದ್ದು ಚಾಮರಾಜಪೇಟೆಯ ಒಂದು ಸಣ್ಣ ಪತ್ರಿಕೆಯಲ್ಲಿ. ಲೇಖನ ತಂದರೆ ಅಲ್ಲಿನ ಸಂಪಾದಕರು ಮೊಳೆ ಜೋಡಿಸುವವರ ಮುಂದೆ ಜೋರಾಗಿ ಓದಿಸುತ್ತಿದ್ದರು, ಅವರು "ಅಂದ್ರೆ?" ಅಂದ ಕಡೆಯೆಲ್ಲ ಪೆನ್ಸಿಲ್ ಗೀಟು ಬೀಳುತ್ತಿತ್ತು. ಆಮೇಲೆ ಒಂದೇ ಪ್ರಶ್ನೆ: "ಇದನ್ನ ನೀನು ಮಾಡಿ ನೋಡಿದೀಯಾ?"

ನಿಮ್ಮ ಎರಡನೇ ವಾಕ್ಯಕ್ಕೆ ನಾನೂ ಅದನ್ನೇ ಕೇಳುತ್ತೇನೆ. "ಯಾವ ಅಕ್ಷರ ಬೇಕಾದರೂ ಹೀಗೇ ಹುಡುಕಬಹುದು" ಅಂತೀರಿ. 'ಕ' ಹುಡುಕಿ ನೋಡಿದಿರಾ? ಕನ್ನಡದಲ್ಲಿ ಓದುವವರು ಮೊದಲು ಮಾಡುವುದೇ ಅದು ಅಲ್ವಾ! ಸ್ಟ್ರ್‌ಚಾರ್ ಹುಡುಕುವುದು ಒಂದೇ ಒಂದು ಬೈಟ್, ಅಂದರೆ ಕಂಪ್ಯೂಟರ್ ನೆನಪಿನ ಒಂದು ಸಣ್ಣ ತುಣುಕು. ಅಕ್ಷರಗಳನ್ನು ಬೈಟುಗಳಾಗಿ ಬರೆಯುವ ಯುಟಿಎಫ್-8 ಪದ್ಧತಿಯಲ್ಲಿ 'ಕ' ಮೂರು ಬೈಟ್. 'ಕನ್ನಡ' ಪದಕ್ಕೆ ಬೈಟ್ ಎಣಿಸುವ ಸ್ಟ್ರ್‌ಲೆನ್ ಹಾಕಿದರೆ 15 ಬರುತ್ತದೆ, ಯಾಕೆಂದರೆ ಒತ್ತಿನ ಒಳಗೆ ಅಡಗಿರುವ ಅರ್ಧಾಕ್ಷರದ ಚಿಹ್ನೆಯೂ (್) ಸೇರಿ ಐದು ಸಂಕೇತ, ಒಂದೊಂದಕ್ಕೆ ಮೂರು ಬೈಟ್. ಒಂಟಿ ಕೋಟ್ ಒಳಗೆ 'ಕ' ಇಟ್ಟರೆ ಜಿಸಿಸಿ ಕಂಪೈಲರ್ ಎಚ್ಚರಿಕೆ ಕೊಡುತ್ತದೆ. ಅದನ್ನು ಲೆಕ್ಕಿಸದೆ ಓಡಿಸಿದರೆ ಕೊನೆಯ ಬೈಟ್ ಮಾತ್ರ ಹುಡುಕಿ ಅಕ್ಷರದ ನಡುವೆ ಹೋಗಿ ನಿಲ್ಲುತ್ತದೆ. ಇಲ್ಲಿ ಬೇಕಾದದ್ದು ಒಂದು ಸ್ಟ್ರಿಂಗಿನೊಳಗೆ ಇನ್ನೊಂದು ಸ್ಟ್ರಿಂಗ್ ಹುಡುಕುವ ಸ್ಟ್ರ್‌ಸ್ಟ್ರ್, ಜೋಡಿ ಕೋಟ್ ಒಳಗೆ "ಕ". ಅದಕ್ಕೆ 'ಕಾ', 'ಕಿ'ಗಳ ಒಳಗಿನ 'ಕ' ಕೂಡ ಸಿಗುತ್ತದೆ, ಅದನ್ನೂ ಹೇಳಿ.

ಈ ಎರಡು ಭಾಗ ಓಡಿಸಿ ನೋಡಿ, ಮತ್ತೆ ಬರೆದು ಕಳಿಸಿ. ಉಳಿದದ್ದು ಹಾಗೇ ಇರಲಿ, ಮುಂದಿನ ಸಂಚಿಕೆಯಲ್ಲಿ ಜಾಗ ಇಟ್ಟಿರುತ್ತೇನೆ.