ಸರ್ವರ್ ಮುಚ್ಚಿದ್ಮೇಲೂ ಕಾರ್ಡ್ ಗೇಮ್ ಆಡ್ಬೋದಾ?

ಪ್ರಶ್ನೆ: ವರ್ಷಗಟ್ಟಲೆ ಆಡ್ತಿದ್ದ ಮೊಬೈಲ್ ಕಾರ್ಡ್ ಗೇಮೊಂದನ್ನ ಕಂಪನಿಯವ್ರು ನಿಲ್ಲಿಸಿಬಿಟ್ರು. ಆಪ್ ಇನ್ನೂ ಫೋನಲ್ಲಿದೆ, ಓಪನ್ ಮಾಡಿದ್ರೆ ಲೋಗೋ ಬರತ್ತೆ, ಮ್ಯೂಸಿಕ್ಕೂ ಬರತ್ತೆ, ಆಮೇಲೆ ಕನೆಕ್ಟಿಂಗ್ ಅಂತ ಸುಮ್ನೆ ಸುತ್ತುತ್ತಾ ಇರತ್ತೆ. ದುಡ್ಡು ಕೊಟ್ಟು ತಗೊಂಡ ಕಾರ್ಡ್‌ಗಳೆಲ್ಲ ಅದ್ರಲ್ಲೇ ಇವೆ. ಕಂಪ್ಯೂಟರ್ ಜೊತೆ ಆಡೋ ಮೋಡ್ ಇತ್ತಲ್ಲ, ಅದನ್ನಾದ್ರೂ ನೆಟ್ ಇಲ್ದೆ ಆಡೋಕಾಗಲ್ವಾ? ಯಾರೋ 'ಆಫ್‌ಲೈನ್ ಎಪಿಕೆ' (ಪ್ಲೇ ಸ್ಟೋರ್ ಬಿಟ್ಟು ನೇರವಾಗಿ ಹಾಕ್ಕೊಳ್ಳೋ ಆಪ್ ಫೈಲ್) ಅಂತ ಲಿಂಕ್ ಕಳ್ಸಿದಾರೆ, ಹಾಕ್ಕೊಳ್ಳಲಾ?

ಉತ್ತರ: ಲಿಂಕ್ ಮುಟ್ಬೇಡಿ, ಯಾಕೆ ಅಂತ ಆಮೇಲೆ ಹೇಳ್ತೀನಿ.

ಕಾರ್ಡ್‌ಗಳೆಲ್ಲ ಅದ್ರಲ್ಲೇ ಇವೆ ಅಂದ್ರಲ್ಲ, ಬೇಜಾರ್ ಮಾಡ್ಕೋಬೇಡಿ, ಇಲ್ಲ. ಫೋನಲ್ಲಿರೋದು ಚಿತ್ರ, ಸೌಂಡು, ಅನಿಮೇಷನ್ನು. ಯಾರ ಹತ್ರ ಯಾವ ಕಾರ್ಡ್ ಎಷ್ಟಿದೆ ಅನ್ನೋ ಲೆಕ್ಕ ಸರ್ವರಲ್ಲಿ, ಅಂದ್ರೆ ಕಂಪನಿಯ ಕಂಪ್ಯೂಟರಲ್ಲಿ, ಪ್ಯಾಕ್ ಒಡೆದಾಗ ಯಾವ ಕಾರ್ಡ್ ಬೀಳ್ಬೇಕು ಅಂತ ತೀರ್ಮಾನ ಆಗೋದೂ ಸಾಮಾನ್ಯವಾಗಿ ಅಲ್ಲೇ, ಯಾಕಂದ್ರೆ ಆ ಲೆಕ್ಕ ಫೋನಲ್ಲಿದ್ರೆ ಫೈಲ್ ತಿದ್ದಿ ಎಲ್ರೂ ಒಂದೇ ರಾತ್ರೀಲಿ ಎಲ್ಲಾ ಅಪರೂಪದ ಕಾರ್ಡ್ ಮಾಡ್ಕೊಂಡ್ಬಿಡ್ತಿದ್ರು. ಕಂಪ್ಯೂಟರ್ ಎದುರಾಳಿ ಇದ್ರೂ ಸಾಮಾನ್ಯವಾಗಿ ಮೊದ್ಲು ಲಾಗಿನ್ ಆಗ್ಬೇಕು, ಡೆಕ್ (ಆಟಕ್ಕೆ ಅಂತ ನೀವು ಆರಿಸಿಟ್ಟ ಕಾರ್ಡ್‌ಗಳ ಕಟ್ಟು) ಅಲ್ಲಿಂದ ಬರ್ಬೇಕು. 'ದಿ ಎಲ್ಡರ್ ಸ್ಕ್ರೋಲ್ಸ್: ಲೆಜೆಂಡ್ಸ್' ಅನ್ನೋ ಕಾರ್ಡ್ ಗೇಮಲ್ಲಿ ಒಬ್ರೇ ಆಡೋ ಕಥೆಗಳೂ ಇದ್ವು, ಆದ್ರೂ 2025ರ ಜನವರಿ 30ಕ್ಕೆ ಸರ್ವರ್ ನಿಂತಾಗ ಅವೂ ಅದ್ರ ಜೊತೆಗೇ ಹೋದ್ವು.

ಕಂಪನಿ ಮನಸ್ಸು ಮಾಡಿದ್ರೆ ದಾರಿ ಇದೆ. ಕಾರ್ಡ್ ಗೇಮ್ ಅಲ್ದಿದ್ರೂ ಹೇಳ್ತೀನಿ, ನಿಂಟೆಂಡೊದ 'ಅನಿಮಲ್ ಕ್ರಾಸಿಂಗ್: ಪಾಕೆಟ್ ಕ್ಯಾಂಪ್' 2024ರ ನವೆಂಬರಲ್ಲಿ ನಿಂತಿತು, ಡಿಸೆಂಬರಲ್ಲಿ ಒಂದೇ ಸಲ ದುಡ್ಡು ಕೊಟ್ಟು ತಗೊಳ್ಳೋ 'ಕಂಪ್ಲೀಟ್' ಆವೃತ್ತಿ ಬಂತು, ಹಳೇ ಸೇವ್ ಡೇಟಾನೂ ಅದಕ್ಕೆ ಸಾಗಿಸ್ಕೋಬೋದಿತ್ತು. 'ಡ್ಯೂಯೆಲಿಸ್ಟ್' ಅನ್ನೋ ಕಾರ್ಡ್ ಗೇಮ್ 2020ರಲ್ಲಿ ಮುಚ್ಚಿತು, ಆಮೇಲೆ ಅದ್ರ ಕೋಡೇ ಓಪನ್ ಸೋರ್ಸ್ ಆಯ್ತು, ಅಂದ್ರೆ ಯಾರು ಬೇಕಾದ್ರೂ ತಗೊಂಡು ಬಳಸ್ಬೋದು. ನಿಮ್ ಗೇಮಿಗೂ ಹಂಗೇನಾದ್ರೂ ಇದೆಯಾ ಅಂತ ಕಂಪನಿಯ ಕೊನೇ ಪ್ರಕಟಣೆ ಒಂದ್ಸಲ ಓದಿ ನೋಡಿ, ನಂಗೇನೋ ಇಂಥದ್ದು ಎಲ್ಲಾ ಕಂಪನಿಗೂ ಕಡ್ಡಾಯ ಮಾಡ್ಬೇಕು ಅನ್ಸತ್ತೆ.

ಈಗ ಆ ಲಿಂಕು. ಲಾಗಿನ್ ದಾಟ್ಸೋಕೆ ಯಾರೋ ಆಪನ್ನ ಬಿಚ್ಚಿ ತಿದ್ದಿರ್ತಾರೆ, ಜೊತೆಗೆ ಇನ್ನೇನು ಸೇರ್ಸಿದಾರೆ ಅಂತ ನಮಗೆ ಕಾಣಲ್ಲ. ಅದು ಎಸ್ಸೆಮ್ಮೆಸ್ ಓದೋ ಪರ್ಮಿಶನ್ ಕೇಳಿದ್ರೆ, ಕಾರ್ಡ್ ಗೇಮಿಗೆ ಅದ್ಯಾಕೆ ಬೇಕು ಹೇಳಿ? ಹಾಕ್ಲೇಬೇಕು ಅಂತ ಹಠ ಇದ್ರೆ ಸಿಮ್ ಇಲ್ದಿರೋ, ಬ್ಯಾಂಕ್ ಆಪೂ ಗೂಗಲ್ ಅಕೌಂಟೂ ಇಲ್ದಿರೋ ಹಳೇ ಫೋನಲ್ಲಿ ಹಾಕಿ, ನಿಮ್ಮ ಹಳೇ ಪಾಸ್‌ವರ್ಡ್ ಮಾತ್ರ ಎಲ್ಲೂ ಟೈಪ್ ಮಾಡ್ಬೇಡಿ. ತೀರಾ ಹಳೇ ಗೇಮಾದ್ರೆ ಹೊಸ ಫೋನಲ್ಲಿ ಅದು ಕೂರೋದೂ ಇಲ್ಲ, ಆಂಡ್ರಾಯ್ಡ್ 6ಕ್ಕಿಂತ ಹಿಂದಿನ ವರ್ಷನ್‌ಗೆ ಅಂತ ಮಾಡಿದ ಆಪನ್ನ ಆಂಡ್ರಾಯ್ಡ್ 14 ಇನ್‌ಸ್ಟಾಲ್ ಮಾಡೋಕೇ ಬಿಡಲ್ಲ.

ನನ್ ಕೇಳಿದ್ರೆ ಕಾಗದವೇ ವಾಸಿ. ಇಬ್ರು ಆಡೋವ್ರಿದ್ರೆ ಸಾಕು, ಕಾರ್ಡಿನ ಚಿತ್ರ, ಬೆಲೆ, ಶಕ್ತಿ ಪ್ರಿಂಟ್ ಮಾಡ್ಕೊಂಡು ಮನೇಲಿ ಆಡ್ಬೋದು. 'ರ್‍ಯಾಂಡಮ್ ಆಗಿ ಒಂದು ಕಾರ್ಡ್ ಹುಟ್ಟಿಸು' ಅನ್ನೋ ಥರದ್ದಕ್ಕೆ ದಾಳ ಹಾಕ್ಬೇಕಾಗತ್ತೆ, ಸ್ವಲ್ಪ ತಲೆನೋವೇ. ಯಾವ್ದೋ ಒಂದು ಕಾರ್ಡ್ ಗೇಮ್ ನೆಟ್ ಇಲ್ದೆ ಸಿಕ್ರೆ ಸಾಕು ಅಂದ್ರೆ 'ಫೋರ್ಜ್' ನೋಡಿ, 'ಮ್ಯಾಜಿಕ್: ದಿ ಗ್ಯಾದರಿಂಗ್' ಅನ್ನೋ ಕಾರ್ಡ್ ಆಟದ ನಿಯಮದಲ್ಲಿ ಕಂಪ್ಯೂಟರ್ ಜೊತೆ ಆಡ್ಸೋ ಓಪನ್ ಸೋರ್ಸ್ ಪ್ರೋಗ್ರಾಮು, ಆಂಡ್ರಾಯ್ಡಲ್ಲೂ ಓಡತ್ತೆ.

ಪ್ರಶ್ನೆ: ನಾನಾಡೋ ಗೇಮು ಇನ್ನೆರಡು ತಿಂಗಳಲ್ಲಿ ಮುಚ್ಚುತ್ತಂತೆ. ಈಗ್ಲೇ ಏನಾದ್ರೂ ಮಾಡ್ಕೋಬೋದಾ?

ಉತ್ತರ: ಏರೋಪ್ಲೇನ್ ಮೋಡ್ ಹಾಕಿ ಗೇಮ್ ಓಪನ್ ಮಾಡಿ. ಪ್ರಾಕ್ಟೀಸ್ ಮ್ಯಾಚ್ ಶುರುವಾದ್ರೆ ನಿಮ್ ಅದೃಷ್ಟ ಚೆನ್ನಾಗಿದೆ, ಆಪ್ ತೆಗೀಬೇಡಿ, ಕ್ಲಿಯರ್ ಡೇಟಾನೂ ಒತ್ಬೇಡಿ, ಗೇಮ್ ಒಳಗಿಂದ ಆಮೇಲೆ ಡೌನ್‌ಲೋಡ್ ಆದ ಚಿತ್ರಗಳು ಒಂದ್ಸಲ ಅಳಿಸಿದ್ರೆ ಮತ್ತೆ ಸಿಗ್ದೇ ಹೋಗ್ಬೋದು. ಲಾಗಿನ್ನಲ್ಲೇ ನಿಂತ್ರೆ ಪ್ರತೀ ಕಾರ್ಡ್ ದೊಡ್ಡದು ಮಾಡಿ ಸ್ಕ್ರೀನ್‌ಶಾಟ್ ತಗೊಳ್ಳಿ, ಡೆಕ್ ಪಟ್ಟಿ ಬರ್ದಿಡಿ, ಇನ್ಮೇಲೆ ಒಂದು ಪ್ಯಾಕಿಗೂ ದುಡ್ಡು ಹಾಕ್ಬೇಡಿ.